ಹದಿನಾಲ್ಕು ಮೆಟ್ಟಿಲು, ಒಂದು ಕುರ್ಚಿ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ಷೌರಿಕನ ಹೆಂಡತಿ ತೊಟ್ಟಿಲಿನ ತಿರುಪು ಬಿಗಿಯಲು ಸ್ಕ್ರೂಡ್ರೈವರ್ ಕೇಳಿಕೊಂಡು ಮಹಡಿಯ ಮನೆಯಿಂದ ಅಂಗಡಿಗೆ ಇಳಿದಳು. ಹದಿನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಏದುಸಿರು. ಅಂಗಡಿಗಿದ್ದ ಒಂದೇ ಒಂದು ಗಿರಾಕಿ ಕುರ್ಚಿಯಲ್ಲಿ ಕುಸಿದಳು. ಗಂಡ ಅಕ್ಕರೆಯಿಂದ ಕುರ್ಚಿಯ ಹಿಡಿ ಎಳೆದು ಬೆನ್ನೊರಗನ್ನು ತುಸು ವಾಲಿಸಿದ. ತೊಂದರೆ ಶುರುವಾದದ್ದು ಅಲ್ಲಿಂದ.

ಅವಳಿಗೆ ಮೂವತ್ತೇಳು ವಾರ ತುಂಬಿತ್ತು. ನಾಲ್ಕು ರಾತ್ರಿಯಿಂದ ನಿದ್ದೆ ಇರಲಿಲ್ಲ. ಅಂಗಾತ ಮಲಗಿದರೆ ಎದೆಯುರಿ, ಕೂತರೆ ಸೊಂಟನೋವು, ಎಡಕ್ಕೆ ಹೊರಳಿದರೆ ಮಗು ಬಲಕ್ಕೆ ಒದೆಯುತ್ತಿತ್ತು. "ಒಳಗೆ ಯಾರೋ ಮನೆ ಖಾಲಿ ಮಾಡೋರ ಹಾಗೆ ಬೀರು ಎಳೀತಿದ್ದಾರೆ ಕಣ್ರೀ" ಎನ್ನುತ್ತಿದ್ದಳು. ಶುಕ್ರವಾರ ತಪಾಸಣೆಯಲ್ಲಿ ನರ್ಸು ಗಂಡನಿಗೇ ಹೇಳಿದ್ದಳು: "ಹೇಗಾದ್ರೂ ನಿದ್ದೆ ಮಾಡ್ಸಿ. ಹೆರಿಗೆಗೆ ಶಕ್ತಿ ಬೇಕು."

"ಅದನ್ನ ನನಗೆ ಬಿಡಿ ಸಿಸ್ಟರ್. ಇಪ್ಪತ್ತು ವರ್ಷದಿಂದ ದೊಡ್ಡದೊಡ್ಡೋರನ್ನೇ ಕೂತಲ್ಲಿ ನಿದ್ದೆ ಮಾಡ್ಸಿದ್ದೀನಿ" ಎಂದಿದ್ದ ಅವನು.

ಈಗ ಸರದಿಗೆ ಕಾದಿದ್ದ ಬೇಕರಿಯವನ ತಲೆಗೆ ಕತ್ತರಿ ಹಾಕಬೇಕಿತ್ತು. "ಎರಡು ನಿಮಿಷ ಸುಧಾರಿಸ್ಕೊಳ್ಲಿ" ಎಂದು ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಕೆಲಸಕ್ಕೆ ಇಳಿದ. ಚಿಕ್ ಚಿಕ್ ಚಿಕ್. ಎರಡನೇ ನಿಮಿಷಕ್ಕೆ ಹೆಂಡತಿ ಗೊರಕೆ ಹೊಡೆಯುತ್ತಿದ್ದಳು.

"ಏನ್ ಕುರ್ಚಿ ಗುರೂ ಇದು!" ಎಂದ ಬೇಕರಿಯವನು.

"ನಾನೇ ಆರಿಸಿ ತಂದಿದ್ದು" ಎಂದ ಕ್ಷೌರಿಕ, ಮಗುವನ್ನೂ ತಾನೇ ಆರಿಸಿ ತಂದವನ ಹಾಗೆ.

ಅಷ್ಟರಲ್ಲಿ ಎದುರಿನ ಹೊಲಿಗೆ ಅಂಗಡಿಯವಳು ನುಗ್ಗಿದಳು. "ಅಯ್ಯಯ್ಯೋ, ಹೀಗಾ ಮಲಗಿಸೋದು? ಎಡಕ್ಕೆ ತಿರುಗಿಸು! ಕಾಲ ಕೆಳಗೆ ದಿಂಬು ಇಡು! ಗಂಡಸಿಗೆ ಏನು ಗೊತ್ತಾಗುತ್ತೆ!"

ಕ್ಷೌರಿಕ ಕತ್ತರಿ ನಿಲ್ಲಿಸಿ "ಶ್!" ಎಂದ. ಹೆಂಡತಿ ಕಣ್ಣು ಬಿಟ್ಟಳು. ಅವನು ಹೊಲಿಗೆಯವಳನ್ನು ನುಂಗುವಂತೆ ನೋಡಿ ಮತ್ತೆ ಕತ್ತರಿ ಆಡಿಸಿದ. ಹೆಂಡತಿ ಮತ್ತೆ ಮಲಗಿದಳು. ಇನ್ನೊಮ್ಮೆ, ಬೇಕರಿಯವನು ತಗಡು ಹರಿದಂತೆ ಸೀನಿದಾಗ ಅವಳು ಅಲುಗಲಿಲ್ಲ. ಕ್ಷೌರಿಕ ಕತ್ತರಿ ಕೆಳಗಿಟ್ಟು ಟವೆಲ್ ಕೊಡವಿದಾಗ ಎದ್ದು ಕೂತಳು. ತಪ್ಪು ಟವೆಲಿನದೆಂದು ಅವನು ತೀರ್ಮಾನಿಸಿದ.

ಹನ್ನೊಂದಕ್ಕೆ ಬೆಂಚು ತುಂಬಿತು. ಕ್ಷೌರ ಹೇಗೋ ನಡೆಯಿತು, ಗಡ್ಡದ್ದೇ ಕಷ್ಟ. ಸ್ಟೂಲಿಗೆ ತಲೆ ಆನಿಸುವ ದಿಂಬಿಲ್ಲ. ಆ ಹೊಣೆ ಮೇಷ್ಟ್ರ ಎದೆಗೆ ಬಿತ್ತು. ತೊಳೆದಿಟ್ಟ ತಟ್ಟೆಯಂಥ ಬೋಳುತಲೆಯ ನಿವೃತ್ತ ಮೇಷ್ಟ್ರು ಹನ್ನೊಂದು ವರ್ಷದಿಂದ ಅಂಗಡಿಗೆ ಬರುತ್ತಿದ್ದುದು ಪೇಪರ್ ಓದಲಷ್ಟೇ. ಸ್ಟೂಲಿನ ಹಿಂದೆ ನಿಂತು ಒಬ್ಬೊಬ್ಬರ ತಲೆಯನ್ನೂ ಎದೆಗೆ ಒತ್ತಿಕೊಂಡು, "ಅಲ್ಲಾಡಬೇಡಯ್ಯಾ, ಸ್ಕೂಲಲ್ಲೂ ನೀನು ಹೀಗೇ" ಎನ್ನುತ್ತಿದ್ದರು.

ಎರಡು ಗಂಟೆಗೆ ಹೆಂಡತಿ ಐದನೇ ಸಲ ಬಚ್ಚಲಿಗೆಂದು ಮೇಲೆ ಹೋದಾಗ ಕ್ಷೌರಿಕನ ತಲೆಯಲ್ಲಿ ದೀಪ ಹತ್ತಿತು.

"ಕುರ್ಚಿನೇ ಮೇಲೆ ಸಾಗಿಸೋಣ! ಅವಳು ಅಲ್ಲಿ ಮಲಗ್ತಾಳೆ, ನಾನು ಇಲ್ಲಿ ನಿಶ್ಚಿಂತೆಯಿಂದ ಕೆಲಸ ಮಾಡ್ತೀನಿ."

"ಗಡ್ಡಕ್ಕೆ?" ಎಂದರು ಮೇಷ್ಟ್ರು ಎದೆ ನೀವಿಕೊಳ್ಳುತ್ತ.

"ನೀವಿದ್ದೀರಲ್ಲ!"

ನೆಲಕ್ಕೆ ಬಿಗಿದಿದ್ದ ನಾಲ್ಕು ನಟ್ಟು ಬಿಚ್ಚಿದರು. ಕುರ್ಚಿಯ ತೂಕ ತೊಂಬತ್ತು ಕಿಲೋ. ಹೊಸದಾಗಿ ಕ್ಷೌರ ಮಾಡಿಸಿಕೊಂಡ ಐವರು ಹೆಗಲು ಕೊಟ್ಟರು. ಏಳನೇ ಮೆಟ್ಟಿಲ ತಿರುವಿನಲ್ಲಿ ಗೋಡೆಯ ಗಾರೆ ಉದುರಿತು. ಹತ್ತನೆಯದರಲ್ಲಿ ಬೇಕರಿಯವನ ಬೆರಳು ಸಿಕ್ಕಿ, ಅವನು ಬೀದಿಗೆಲ್ಲ ಕೇಳುವಂತೆ ಕುರ್ಚಿಯ ವಂಶಾವಳಿ ಹೇಳಿದ. ಕುರ್ಚಿಗೆ ಜಾಗ ಮಾಡಲು ತೊಟ್ಟಿಲು ಅಡುಗೆಮನೆಗೆ ಹೋಯಿತು. ಮಡಿಸಿಟ್ಟ ಮಗುವಿನ ಬಟ್ಟೆ ಅಕ್ಕಿ ಡಬ್ಬದ ಮೇಲೆ ಕೂತಿತು. ಹೆಂಡತಿಯನ್ನು ಕೂರಿಸಿ, ಬೆನ್ನೊರಗು ವಾಲಿಸಿ, ಕಿಟಕಿ ಮುಚ್ಚಿ, ಎಲ್ಲರೂ ತುದಿಗಾಲಲ್ಲಿ ಇಳಿದರು. ಐವರೂ ಸೊಂಟ ಹಿಡಿದುಕೊಂಡು ಮನೆ ಸೇರಿದರು.

"ಯೋಚನೆ ಅಂದ್ರೆ ಹೀಗಿರಬೇಕು" ಎಂದ ಕ್ಷೌರಿಕ.

ಕಾಲು ಗಂಟೆಯಲ್ಲಿ ಹೆಂಡತಿ ಕೈಯಲ್ಲಿ ದಿಂಬು ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು.

"ನಿದ್ದೆ ಬರ್ತಿಲ್ಲರೀ."

"ಅದೇ ಕುರ್ಚಿ ಅಲ್ವೇನೇ!"

"ನಿದ್ದೆ ಬರ್ತಿದ್ದದ್ದು ಕುರ್ಚಿಯಿಂದ ಅಲ್ಲ, ನಿಮ್ಮ ಕತ್ತರಿಯಿಂದ. ಆ ಚಿಕ್ ಚಿಕ್ ಕೇಳ್ತಿದ್ರೆ ಹೊಟ್ಟೆಯೊಳಗಿರೋದೂ ತೆಪ್ಪಗಿರುತ್ತೆ, ನನಗೂ ಕಣ್ಣು ಎಳೆಯುತ್ತೆ. ನೀವು ನಿಲ್ಲಿಸಿದಾಗಲೆಲ್ಲ ಒದ್ದು ಎಬ್ಬಿಸ್ತಿತ್ತು."

ದಿಂಬನ್ನು ಗೋಡೆಗಿಟ್ಟು ಬೆಂಚಿನ ಮೇಲೆ ಒರಗಿದಳು. ಕ್ಷೌರಿಕ ಖಾಲಿ ಗಾಳಿಯಲ್ಲಿ ಕತ್ತರಿ ಆಡಿಸಿ ನೋಡಿದ. ಅವಳ ಕಣ್ಣು ಮುಚ್ಚಿತು. ನಿಲ್ಲಿಸಿದ. ಸೀರೆಯ ಕೆಳಗೆ ಹೊಟ್ಟೆ ಒಮ್ಮೆ ಎಗರಿತು. ಮತ್ತೆ ಆಡಿಸಿದ.

ಕುರ್ಚಿ ಮೇಲಿತ್ತು, ಇಳಿಸುವವರು ಮಲಗಿದ್ದರು. ಬೀದಿಯ ಗಂಡಸರಿಗೆಲ್ಲ ಆಗಲೇ ಕ್ಷೌರವಾಗಿತ್ತು. ಹೆರಿಗೆಗೆ ಇನ್ನೂ ಮೂರು ವಾರ. ಸುಮ್ಮನೆ ಗಾಳಿ ಕತ್ತರಿಸುತ್ತ ನಿಂತ ಕ್ಷೌರಿಕನನ್ನು ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಎದುರಂಗಡಿಯ ಹೊಲಿಗೆ ಯಂತ್ರವೂ ನಿಂತಿತು.

ಮೇಷ್ಟ್ರು ಪೇಪರ್ ಮಡಿಸಿದರು. ನಿಧಾನವಾಗಿ ಎದ್ದು ಸ್ಟೂಲಿನ ಮೇಲೆ ಕೂತು, ಬಟ್ಟೆಯನ್ನು ತಾವೇ ಕೊರಳಿಗೆ ಕಟ್ಟಿಕೊಂಡರು.

"ಶುರು ಮಾಡಯ್ಯಾ," ಎಂದರು ಪಿಸುದನಿಯಲ್ಲಿ. "ಹಿಂದೆ ಸ್ವಲ್ಪ ಉದ್ದ ಬಿಡು."