ಮರುಳಪ್ಪನವರ ತಂಗಿಯ ಒಂದು ಪ್ರಶ್ನೆ

ಸತ್ತವರ ಬಗ್ಗೆ ಬರೆಯುವುದರಲ್ಲಿ ಒಂದು ಅನುಕೂಲವಿದೆ, ಅವರು ಎದ್ದುಬಂದು ಪ್ರಶ್ನೆ ಕೇಳುವುದಿಲ್ಲ ಎಂದು ನಾನು ನಂಬಿದ್ದೆ. ಅವರಿಗೆ ತಂಗಿಯರು ಇರುತ್ತಾರೆ ಎಂಬುದು ಹೊಳೆದಿರಲಿಲ್ಲ. ನಾನು ಹುಟ್ಟು ಪುಕ್ಕಲ. ತಿಪಟೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುವಾಗ ಇನ್‌ಸ್ಪೆಕ್ಟರು ಒಳಗೆ ಬಂದರೆ ಪಾಣಿಪತ್ತಿನ ಯುದ್ಧಗಳು ಮೂರೋ ನಾಲ್ಕೋ ಎಂದು ನನಗೇ ಅನುಮಾನ ಬರುತ್ತಿತ್ತು. ಅಂಥವನು ಪುಸ್ತಕ ಬರೆದದ್ದೇಕೆ ಎಂದರೆ, ಶೆಟ್ಟಿಕೆರೆ ಕಡೆಯ ಮರುಳಪ್ಪನವರು ಕಟ್ಟಿಸಿದ ಹಾಸ್ಟೆಲಿನಲ್ಲಿ ಉಂಡು ಓದಿದವನು ನಾನು. ಅವರು ತೀರಿಕೊಂಡ ಮೇಲೆ ಅವರ ಜೀವನಚರಿತ್ರೆ ಬರೆಯೋಣವೆನಿಸಿತು.

ತೊಂದರೆ ಏನೆಂದರೆ, ಮರುಳಪ್ಪನವರು ತೀರಾ ಒಳ್ಳೆಯವರು. ಬದುಕಿದ್ದಷ್ಟು ದಿನ ಯಾರೊಡನೆಯೂ ಜಗಳವಾಡಲಿಲ್ಲ. ನಲವತ್ತನೇ ಪುಟಕ್ಕೆ ಬರುವಷ್ಟರಲ್ಲಿ ಬರೆಯುವ ನನಗೇ ತೂಕಡಿಕೆ. ಹಾಗಾಗಿ ಒಂದು ಪ್ರಸಂಗವನ್ನು ನಾನೇ ಹುಟ್ಟಿಸಿದೆ. ಅಮಲ್ದಾರರು ಊರ ಶಾಲೆಯ ಚಪ್ಪರದಲ್ಲಿ ತಮ್ಮ ಕುದುರೆ ಕಟ್ಟಬೇಕೆಂದು ಬರುತ್ತಾರೆ; ಮರುಳಪ್ಪನವರು ಅವರನ್ನು ಮನೆಯ ಹೊಸಿಲಲ್ಲೇ ತಡೆದು, ಮಕ್ಕಳು ಕೂರುವ ಜಾಗದಲ್ಲಿ ಕುದುರೆ ಕಟ್ಟಗೊಡುವುದಿಲ್ಲ ಎಂದು ಗುಡುಗುತ್ತಾರೆ; ಯುಗಾದಿಗೆ ಅಟ್ಟಕ್ಕೇರಿಸಿದ ಕಾಯಿಯನ್ನು ಗೌರಿ ಹಬ್ಬಕ್ಕೆ ಕೊಬ್ಬರಿ ಮಾಡಿ ಇಳಿಸಿ, ಮಾರಿ, ಶಾಲೆಗೆ ಗೋಡೆ ಎಬ್ಬಿಸುತ್ತಾರೆ. ಇದರಲ್ಲಿ ಒಂದಕ್ಷರವೂ ನಿಜವಲ್ಲ. ಆದರೆ ಓದಿದವರೆಲ್ಲ ಮೆಚ್ಚಿದ್ದು ಅದನ್ನೇ.

ಅಷ್ಟರಲ್ಲಿ ಮರುಳಪ್ಪನವರ ಕಡೆಯವರು ಅವರ ಮನೆಯನ್ನೇ ಮ್ಯೂಸಿಯಂ ಮಾಡಿದರು. ರುಮಾಲು, ಊರುಗೋಲು, ಕನ್ನಡಕ ಎಲ್ಲ ಇಟ್ಟರು. ಅಟ್ಟ ಬರಿದಾಗಬಾರದೆಂದು ಕಾಯಿಯನ್ನು ಮಾತ್ರ ಹಾಗೇ ಬಿಟ್ಟರು. ಅಲ್ಲಿ ಒಂದು ಸಂಜೆ, ಜೀವನಚರಿತ್ರೆ ಬರೆಯುವ ಬಗೆ ಕುರಿತು ನನ್ನ ಭಾಷಣ. ಕರೆಯಲು ಬಂದ ಅವರ ಮೊಮ್ಮಗ ಶಿವಣ್ಣ ಹೊರಡುವಾಗ ಹೇಳಿದ: "ನಮ್ ತಾತನ ತಂಗಿ ಪುಟ್ಟಜ್ಜಿನೂ ಬತ್ತಾರೆ ಸಾರ್. ಪುಸ್ತಕ ಎರಡು ಸಲ ಓದಿಸಿ ಕೇಳವ್ರೆ. ನಿಮ್ಮನ್ನ ಏನೋ ಕೇಳ್ಬೇಕಂತೆ."

ಆ ಹೊಸಿಲಿನೊಳಗೇ ಬೆಳೆದವರು ಪುಟ್ಟಜ್ಜಿ. ಅರಳಗುಪ್ಪೆಯ ಮಗಳ ಮನೆಯಲ್ಲಿದ್ದ ಅವರನ್ನು ಬಸ್ಸು ಹಿಡಿದು ಹೋಗಿ ಮೊದಲೇ ಕೇಳಬಹುದಿತ್ತು, ಸೋಮಾರಿತನ ಬಿಡಲಿಲ್ಲ. ಈಗ ಊರೆಲ್ಲ ಸೇರಿದ ಸಭೆಯಲ್ಲಿ, ಅವರದೇ ಮನೆಯಲ್ಲಿ, ಮಾನ ಹೋಗುವುದು ಖಂಡಿತ. ಮೂರು ದಿನ ಅನ್ನ ಸೇರಲಿಲ್ಲ. ಜ್ವರವೆಂದು ಹೇಳಿಕಳಿಸುತ್ತೇನೆ ಎಂದರೆ ನನ್ನಾಕೆ, "ಸುಳ್ಳು ಬರೆಯೋವಾಗ ಬರದ ಜ್ವರ ಈಗ್ಯಾಕ್ರೀ ಬಂತು?" ಎಂದು ಬಸ್ಸು ಹತ್ತಿಸಿದಳು.

ಮುಂದಿನ ಸಾಲಿನಲ್ಲಿ ಅಜ್ಜಿ ಕೋಲಿನ ಮೇಲೆ ಗದ್ದವಿಟ್ಟು ಕೂತಿದ್ದರು. ಕಣ್ಣು ಮಿಟುಕಿಸಲಿಲ್ಲ. "ಜೀವನಚರಿತ್ರೆಗೆ ಸತ್ಯವೇ" ಎಂದು ಶುರುಮಾಡಿದವನು ಮುಂದೆ ಹೋಗಲಾರದೆ ನೀರು ಕುಡಿದೆ. ಮತ್ತೆ ಅಲ್ಲಿಗೇ ಬಂದೆ, ಮತ್ತೆ ಕುಡಿದೆ. ಮೇಲೆ ಅಟ್ಟದಲ್ಲಿ ಇಲಿ ಓಡಿ ಒಂದು ಕಾಯಿ ಉರುಳಿತು. ಮರುಳಪ್ಪನವರೇ ಇಳಿದು ಬರುತ್ತಿದ್ದಾರೆ ಎಂದುಕೊಂಡು ಮೇಜು ಹಿಡಿದೆ. ಹೇಗೋ ಮುಗಿಸಿ ಕೂತೆ. ಅಜ್ಜಿ ಎದ್ದು ನಿಂತರು.

"ಪುಸ್ತಕ ಚೆನ್ನಾಗೈತೆ ಮೇಷ್ಟ್ರೇ. ಒಂದು ಮಾತ್ರ ತಡ್ಕೊಳಕ್ಕಾಗ್ಲಿಲ್ಲ. ಯುಗಾದಿಗೆ ಏರ್ಸಿದ ಕಾಯಿ ಗೌರಿ ಹಬ್ಬಕ್ಕೆ ಕೊಬ್ಬರಿ ಆಯ್ತದಾ? ವರ್ಷ ತುಂಬ್ದೆ ನಮ್ಮನೇಲಿ ಕಾಯಿ ಇಳಿಸಿದ್ದೇ ಇಲ್ಲ. ಅಲ್ಲಾಡ್ಸಿದ್ರೆ ಒಳಗೆ ಒಣಗಿದ್ ಕೊಬ್ಬರಿ ಗಿಟುಕು ಲೊಡಲೊಡ ಅನ್ಬೇಕು. ನಮ್ಮಣ್ಣ ಹಸಿ ಕಾಯಿ ಮಾರ್ದ ಅಂತ ಸಂತೆಯೋರೆಲ್ಲ ಓದ್ತಾವ್ರಲ್ಲ, ನಾವು ತಲೆ ಎತ್ಕೊಂಡು ತಿರುಗೋದು ಹೆಂಗೆ?"

ಸಭೆ ಹೋ ಎಂದು ನಕ್ಕಿತು. ನಮ್ಮ ಬಾಡಿಗೆ ಮನೆಗೆ ಅಟ್ಟವಿಲ್ಲ, ಕೊಬ್ಬರಿ ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತದೆ ಎಂದು ಒಪ್ಪಿಕೊಂಡೆ. ತೆಂಗಿನ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಆದರೂ ಅಮಲ್ದಾರರ ಸುದ್ದಿ ಬರಲಿಲ್ಲವಲ್ಲ ಎಂದು ನನ್ನ ಜೀವ ಮರಳಿ ಬಂತು.

ಎಲ್ಲರೂ ಕಾಫಿಗೆ ಎದ್ದ ಮೇಲೆ ಅಜ್ಜಿ ಹತ್ತಿರ ಬಂದು ನನ್ನ ಕೈ ಹಿಡಿದರು. ದನಿ ಇಳಿಯಿತು. "ಅಮಲ್ದಾರ, ಕುದ್ರೆ, ಯಾವ್ದೂ ಬಂದಿಲ್ಲ ಕಣಪ್ಪ ಈ ಮನೇಗೆ. ಬಂದಿದ್ರೆ ನಮ್ಮಣ್ಣನೇ ಹುಲ್ಲು ಹಾಕ್ತಿದ್ದ. ಇರ್ಲಿ ಬುಡು, ಪಾಪ, ಒಂದ್ಸಲನಾದ್ರೂ ಗುಡುಗ್ಲಿ. ಹಸಿ ಕಾಯಿ ಮಾತ್ರ ತೆಗ್ದಾಕು."

ನಾಚಿಕೆಯಿಂದ ತಲೆ ತಗ್ಗಿಸಿದೆ. ಅವರು ಕೈ ಬಿಡಲಿಲ್ಲ. "ನನ್ ಬಗ್ಗೆನೂ ಒಂದು ಬರಿ. ನಮ್ಮತ್ತೆ ಮುಂದೆ ನಲವತ್ತು ವರ್ಷ ನಾನು ಬಾಯಿ ಬಿಡ್ಲಿಲ್ಲ. ನನ್ನೂ ಒಂದ್ಸಲ ಗುಡುಗ್ಸು."

ಇಲ್ಲವೆನ್ನಲು ನನ್ನಿಂದಾಗಲಿಲ್ಲ. ಈಗ ಬರೆಯಲು ಕೂತಿದ್ದೇನೆ. ಗುಡುಗು ಚೆನ್ನಾಗಿಯೇ ಬರುತ್ತಿದೆ. ನಿನ್ನೆ ಶಿವಣ್ಣ ಸಿಕ್ಕಿ ಹೇಳಿದ, ಆ ಅತ್ತೆಯ ಮಗಳು ಸಂಪಿಗೆ ಎಂಬ ಊರಿನಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದಾರಂತೆ, ಭಾಷಣ ಎಂದರೆ ತಪ್ಪಿಸುವುದಿಲ್ಲವಂತೆ.