ಕಾರಿನ ಬಾಗಿಲಲ್ಲಿ ಬಿಟ್ಟ ಸ್ಥಳ ತುಂಬಿದ್ದು

ತುಕ್ಕಿನ ಮೇಲೆ ನಾನು ಯುದ್ಧ ಸಾರಿಯೇಬಿಟ್ಟೆ! ಅದೂ ಎಂಥ ಯುದ್ಧ? ಒಂದು ಕೈಯಲ್ಲಿ ತಂತಿ ಬ್ರಷ್ಷು, ಇನ್ನೊಂದರಲ್ಲಿ ಪ್ರೈಮರ್ ಡಬ್ಬಿ, ತಲೆಗೆ ಹೆಂಡತಿಯ ಹಳೆಯ ದುಪಟ್ಟಾ.

ಗೆಳೆಯ ತೀರಿಕೊಂಡ ಮೇಲೆ ಅವನ ಹಳೇ ಕಾಲದ ಕಾರು ಶೆಡ್ಡಿನಲ್ಲಿ ಮುಸುಕು ಹೊದ್ದು ನಿಂತಿತ್ತು. ನಮ್ಮಿಬ್ಬರ ಹರಟೆಯ ಅರ್ಧ ನಡೆದದ್ದು ಅದರ ಸೀಟಿನಲ್ಲಿ ಕೂತು; ಉಳಿದರ್ಧ, ಕೆಟ್ಟು ನಿಂತ ಅದನ್ನು ತಳ್ಳುತ್ತಾ. ಅಂಥ ಕಾರನ್ನು ಗುಜರಿಗೆ ಹಾಕಬೇಕೆಂದು ಗೆಳೆಯನ ಹೆಂಡತಿಯ ಅಣ್ಣ ಹಟ ಹಿಡಿದಿದ್ದರು.

"ತಗಡೆಲ್ಲ ತುಕ್ಕು ತಿಂದು ಟೊಳ್ಳಾಗಿದೆ ಕಣಮ್ಮ," ಎಂದು ಅವರು ತಂಗಿಗೆ ಹೇಳಿದರು. "ನೀನು ಡ್ರೈವಿಂಗ್ ಕಲಿತು ಇದರಲ್ಲಿ ಓಡಾಡೋದಾ? ಬಾಗಿಲು ಎಳೆದ್ರೆ ಬಾಗಿಲೇ ಕೈಗೆ ಬರುತ್ತೆ!"

ಅತ್ತಿಗೆ ಕಾರಿನ ಮುಸುಕಿನ ತುದಿಯನ್ನು ಸರಿಮಾಡುತ್ತಾ ನಿಂತಿದ್ದರು. ಗೆಳೆಯನ ಹೆಂಡತಿಯನ್ನು ನಾನು ಅತ್ತಿಗೆ ಎಂದೇ ಕರೆಯುವುದು. "ಭಾನುವಾರ ಬಂದು ಸರಿಯಾಗಿ ನೋಡಣ್ಣ. ಟೊಳ್ಳಾಗಿದ್ರೆ ಗುಜರಿಯವನನ್ನ ಕರೆಸು. ಗಟ್ಟಿಯಿದ್ರೆ ಇಟ್ಕೊಳ್ತೀನಿ," ಎಂದರು. ದನಿ ಸಣ್ಣಗಿತ್ತು. ಇಟ್ಟುಕೊಳ್ಳುವ ಆಸೆ ಎಷ್ಟಿತ್ತೆಂದು ಆ ಸಣ್ಣ ದನಿಯೇ ಹೇಳಿತು.

ನಾನು ಎದೆ ತಟ್ಟಿಕೊಂಡೆ. "ಅತ್ತಿಗೆ, ಭಾನುವಾರದ ಹೊತ್ತಿಗೆ ಈ ಕಾರಿನಲ್ಲಿ ತುಕ್ಕು ಅನ್ನೋ ಪದವೇ ಇರೋಲ್ಲ. ನಾನಿದ್ದೀನಿ!"

"ಅದೇ ಭಯ," ಎಂದಳು ನನ್ನ ಹೆಂಡತಿ.

ನಾನು ನಿವೃತ್ತ ಭಾಷಾ ಮೇಷ್ಟ್ರು. ಜೀವಮಾನವಿಡೀ 'ಬಿಟ್ಟ ಸ್ಥಳ ತುಂಬಿರಿ' ಎಂದು ಪ್ರಶ್ನೆ ಕೊಟ್ಟವನು. ತುಕ್ಕು ನಿವಾರಣೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ಅಡಿಗೆರೆ ಎಳೆದು, ಕಂಠಪಾಠ ಮಾಡಿದೆ. ಮೊದಲು ಹಳೇ ಬಣ್ಣ ಕೆರೆಯಬೇಕು. ಆಮೇಲೆ ತಗಡು ಬೆಳ್ಳಗಾಗುವ ತನಕ ಉಜ್ಜಬೇಕು. ಜಿಡ್ಡು ಉಳಿಯದಂತೆ ಥಿನ್ನರಿನಲ್ಲಿ ಒರೆಸಿ ಪ್ರೈಮರ್ ಬಳಿಯಬೇಕು.

"ಒಂದು ಕೋಟ್ ಸಾಲದು ಕಣೇ, ಎರಡು ಕೋಟ್ ಹಾಕಬೇಕು," ಎಂದೆ.

"ಈ ಸೆಖೆಯಲ್ಲಿ ಎರಡು ಕೋಟಾ? ನಿಮಗೆ ಒಂದು ಬನೀನೇ ಭಾರ ಆಗಿದೆ!"

ಕಾರಿನಡಿ ಅಂಗಾತ ಮಲಗಿ ಉಜ್ಜತೊಡಗಿದೆ. ಉದುರಿದ ತುಕ್ಕೆಲ್ಲ ನನ್ನ ಮುಖದ ಮೇಲೆಯೇ! ಕಾರು ಹೊಳೆದಷ್ಟೂ ನಾನು ಕೆಂಪಾದೆ. ತುಕ್ಕು ನಾಶವಾಗಲಿಲ್ಲ, ವಿಳಾಸ ಬದಲಿಸಿತು ಅಷ್ಟೆ. ಮೈಮರೆತು, "ಆ ಬ್ರಷ್ ಕೊಡೋ," ಎಂದು ಹೊರಗೆ ಕೈ ಚಾಚಿದೆ. ಇಷ್ಟು ವರ್ಷ ನಾನು ಹಾಗೆ ಕೈ ಚಾಚಿದ್ದು ಒಬ್ಬನ ಕಡೆಗೆ ಮಾತ್ರ. ಬೇರೆ ದಿನವಾಗಿದ್ದರೆ ಹೆಂಡತಿ, "ಏನ್ರೀ, ನನಗೇ 'ಕೊಡೋ' ಅಂತೀರಾ? ಲಿಂಗವೂ ಮರೆತುಹೋಯ್ತಾ ಮೇಷ್ಟ್ರಿಗೆ?" ಎಂದು ಕುಟುಕುತ್ತಿದ್ದಳು. ಅಂದು ಬ್ರಷ್ಷನ್ನು ಕೈಗಿಟ್ಟಳು, ಅಷ್ಟೆ.

ಆಗಲೇ ಕಂಡದ್ದು ಬಾಗಿಲುಗಳ ತಳದ ತೂತುಗಳು! ಒಂದಲ್ಲ, ಎರಡಲ್ಲ, ಪ್ರತಿ ಬಾಗಿಲಿಗೂ ಸಾಲುಸಾಲು!

"ಸಿಕ್ಕಿಬಿದ್ದ ಕಳ್ಳ!" ಎಂದು ಕೂಗಿದೆ. "ನೋಡೇ, ತುಕ್ಕು ಹೇಗೆ ಕೊರೆದಿದೆ!"

ಅವಳು ಬಗ್ಗಿ ನೋಡಿದಳು. "ಎಲ್ಲ ಒಂದೇ ಅಳತೆ ಇವೆಯಲ್ರೀ. ತುಕ್ಕು ಸ್ಕೇಲ್ ಇಟ್ಕೊಂಡು ತಿನ್ನುತ್ತಾ?"

"ಹಳೇ ಕಾಲದ ಕಾರು. ತುಕ್ಕಿಗೂ ಶಿಸ್ತಿತ್ತು ಆಗ!"

ಬಿಟ್ಟ ಸ್ಥಳ ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಪುಟ್ಟಿ ಕಲಸಿ ಒಂದೊಂದನ್ನೂ ಭದ್ರವಾಗಿ ತುಂಬಿದೆ. ಮೇಲೆ ಎರಡು ಕೋಟ್ ಪ್ರೈಮರ್, ಅದರ ಮೇಲೆ ಟಾರಿನಂಥ ಕಪ್ಪು ಲೇಪನ, ಹೊರಗೆ ಹೊಸ ಬಣ್ಣ. ಶನಿವಾರ ಸಂಜೆ ಪೈಪು ಹಿಡಿದು ಕಾರಿಗೆ ಧಾರಾಳವಾಗಿ ನೀರು ಬಿಟ್ಟೆ. ಕಾರು ಮದುಮಗನಂತೆ ಮಿಂಚಿತು. ನಾನು ಮದುಮಗನ ಅಪ್ಪನಂತೆ ಬೀಗಿದೆ!

ಭಾನುವಾರ ಬೆಳಗ್ಗೆ ಅತ್ತಿಗೆಯ ಅಣ್ಣ ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಪಾಲಿಶ್ ಹಾಕಿದ ಬೂಟು. ಕಾರಿನ ಸುತ್ತ ಒಂದು ಸುತ್ತು ಬಂದು, "ಮೇಲೆ ಬಣ್ಣ ಬಳಿದ್ರೆ ಆಯ್ತಾ ಮೇಷ್ಟ್ರೇ? ಒಳಗೇನಿದೆಯೋ!" ಎಂದು ಮುಂದಿನ ಬಾಗಿಲನ್ನು ರಪ್ಪನೆ ಎಳೆದರು.

ಒಳಗೇನಿತ್ತು? ಕೆರೆ ಇತ್ತು!

ಗುಳಗುಳ ಎಂದಿತು ಬಾಗಿಲು. ಮರುಕ್ಷಣವೇ ಒಳಹಲಗೆಯ ಸಂದಿಯಿಂದ ನೀರು ಭರ್ರೆಂದು ಚಿಮ್ಮಿ ಅವರ ಪ್ಯಾಂಟಿಗೆ ಅಭಿಷೇಕ ಮಾಡಿ ಬೂಟಿನೊಳಗೆ ಇಳಿಯಿತು. ಗಾಜಿನ ಸಂದಿಯಿಂದ ಇಳಿದ ನೀರು ಹರಿದುಹೋಗಲೆಂದೇ ಕಾರು ಮಾಡಿದವರು ತಳದಲ್ಲಿ ಆ ತೂತುಗಳನ್ನು ಬಿಟ್ಟಿದ್ದರಂತೆ. ಬಾಗಿಲೊಳಗಿನ ತಿಳಿನೀರಿನಷ್ಟೇ ಸ್ಪಷ್ಟವಾಗಿ ನನಗದು ಆಗ ತಿಳಿಯಿತು!

"ಇದು ಕಾರಾ, ನೀರಿನ ಟ್ಯಾಂಕಾ?" ಅವರು ಒಂಟಿಕಾಲಲ್ಲಿ ಕುಣಿಯುತ್ತಾ ಫೋನಿಗೆ ಕೈಹಾಕಿದರು. "ಗುಜರಿಯವನನ್ನ ಈಗಲೇ ಕರೀತೀನಿ!"

ನನ್ನ ನಾಲಿಗೆ ಒಣಗಿತು. ಆ ಮುಂದಿನ ಬಾಗಿಲ ಸುತ್ತ ಒಣಗಿದ್ದುದು ಅದೊಂದೇ. ಗೆಳೆಯನ ಕಾರನ್ನು ನನ್ನ ಕೈಯಾರೆ ಗುಜರಿಗೆ ತಳ್ಳಿದೆನಲ್ಲ!

ಅತ್ತಿಗೆ ಮಾತ್ರ ಇನ್ನೂ ತೆರೆಯದ ಹಿಂದಿನ ಬಾಗಿಲ ಬಳಿ ಕುಕ್ಕುರುಗಾಲಲ್ಲಿ ಕೂತು ಅದರ ಕೆಳಗಿನ ನೆಲ ಮುಟ್ಟಿ ನೋಡಿದರು. ಆಮೇಲೆ ಬಾಗಿಲ ಮೇಲೆ ಬೆರಳಿಂದ ತಟ್ಟಿದರು. ಅಲ್ಲೂ ಗುಳಗುಳ.

"ಅಣ್ಣ, ಫೋನ್ ಇಡು. ನಿನ್ನೆ ಸಂಜೆಯಿಂದ ಇದರಲ್ಲಿ ನೀರು ನಿಂತಿದೆ. ನೆಲ ನೋಡು, ಒಂದು ತೊಟ್ಟೂ ಸೋರಿಲ್ಲ. ತಗಡು ಟೊಳ್ಳಾಗಿದ್ರೆ ನೀರು ನಿಲ್ತಿತ್ತಾ?"

"ಇವರು ತೂತು ಮುಚ್ಚಿದಾರಲ್ಲಮ್ಮ!"

"ತಳದ ತೂತು ಮುಚ್ಚಿದಾರೆ. ಸುತ್ತಲಿನ ತಗಡೂ ಇವರೇ ಮಾಡಿದ್ರಾ?"

ಅಣ್ಣ ಬೂಟು ಬಿಚ್ಚಿ ನೀರು ಸುರಿದರು. "ಆಯ್ತು, ಇಟ್ಕೋ," ಎಂದರು. "ನನಗೊಂದು ಟವೆಲ್ ಕೊಡು."

ಅತ್ತಿಗೆ ಡ್ರೈವರ್ ಸೀಟಿನಲ್ಲಿ ಕೂತರು. ಕಾಲು ಪೆಡಲಿಗೆ ಎಟುಕಲಿಲ್ಲ. ಗೆಳೆಯನ ಕಾಲುಗಳು ಉದ್ದ. ಸೀಟು ಅವನು ಬಿಟ್ಟುಹೋದಲ್ಲೇ ಇತ್ತು. ಅತ್ತಿಗೆ ಕೆಳಗಿನ ಹಿಡಿ ಎಳೆದು ಸೀಟನ್ನು ಮುಂದೆ ತಂದುಕೊಂಡರು. ಅದು ಕಿರ್ರೆಂದಿತು. ನಾನು ಗೋಡೆಯ ಕಡೆ ತಿರುಗಿ, ಕಣ್ಣಿಗೆ ಥಿನ್ನರ್ ಬಿತ್ತೆಂದೆ.

ಆದರೆ ಕಾರು ಉಳಿಯಿತಲ್ಲ! ಎದೆ ಮತ್ತೆ ಉಬ್ಬಿತು. ಗಂಟಲು ಸರಿಮಾಡಿಕೊಂಡು, "ಅತ್ತಿಗೆ, ಇನ್ನೇನಾದ್ರೂ ಕೆಲಸ ಇದ್ರೆ ಸಂಕೋಚ ಬೇಡ, ಅಪ್ಪಣೆ ಮಾಡಿ!" ಎಂದೆ.

ಅತ್ತಿಗೆ ತಲೆಯಿಂದ ಒಂದು ಹೇರ್‌ಪಿನ್ ತೆಗೆದು ನನ್ನ ಕೈಗಿಟ್ಟರು.

"ಕಾರಿನಡಿಗೆ ಹೋಗಿ ಆ ತೂತುಗಳನ್ನ ಬಿಡಿಸಿ ಮೇಷ್ಟ್ರೇ. ನಾನು ಕಲಿಯೋಕೆ ಹೊರಟಿರೋದು ಡ್ರೈವಿಂಗು, ಈಜಲ್ಲ!"