ವೃತ್ತದಿಂದ ಹೊರಬರುವ ಬಗೆ

“ಕೇಕು ತರೋಕೆ ಆಟೋ ಯಾಕೆ? ನನ್ನ ಕಾರಿದೆಯಲ್ಲ!”

ಈ ಮಾತು ಬಾಯಿಂದ ಜಾರಿದಾಗ ಫಿಸಿಕ್ಸ್ ಮೇಷ್ಟ್ರಿಗೆ ಲೈಸೆನ್ಸ್ ಸಿಕ್ಕಿ ಇನ್ನೂ ವಾರವಾಗಿರಲಿಲ್ಲ. ಕಾರು ಮಾತ್ರ ಅನುಭವಸ್ಥ. ಹಿಂದಿನ ಮೂವರು ಯಜಮಾನರ ಕೈಯಲ್ಲಿ ಪಳಗಿ ಬಂದಿತ್ತು. ಆ ಸಂಜೆ ಪ್ರಿನ್ಸಿಪಾಲರ ಬೀಳ್ಕೊಡುಗೆ. ಅವರು ಹೊರಡುವ ಮೊದಲು ವಿಭಾಗದ ಹೊಸ ಮುಖ್ಯಸ್ಥರ ಹೆಸರು ಹೇಳುತ್ತಾರೆಂದು ಸ್ಟಾಫ್ ರೂಮಿನಲ್ಲಿ ಗುಸುಗುಸು ಇತ್ತು. ಕೇಕು ಹಿಡಿದು ಒಳಗೆ ಬಂದವನ ಮುಖ ಪ್ರಿನ್ಸಿಪಾಲರ ಮನಸ್ಸಿನಲ್ಲಿ ಉಳಿಯದೆ ಇರುತ್ತದೆಯೇ ಎಂಬುದು ಮೇಷ್ಟ್ರ ಲೆಕ್ಕಾಚಾರ.

ಸಹಾಯಕ್ಕೆಂದು ಮೂವರು ಕಾರು ಹತ್ತಿದರು. ಹಿಂದಿನ ಸೀಟಿನಲ್ಲಿ ಕೆಮಿಸ್ಟ್ರಿ ಮೇಡಂ, ಪಕ್ಕದಲ್ಲಿ ಗಣಿತದ ಮೇಷ್ಟ್ರು. ಮುಂದೆ, ದಾರಿ ತೋರಿಸುವ ಹೊಣೆ ಹೊತ್ತು ಲೈಬ್ರೇರಿಯನ್. ಬೇಕರಿಯಲ್ಲಿ ಕೇಕನ್ನು ಮೇಡಂ ತೊಡೆಯ ಮೇಲೆ ಇರಿಸಿದರು. ಕೂಸನ್ನು ಕೂರಿಸಿಕೊಂಡಂತೆ ಅವರು ಅದನ್ನು ಎರಡೂ ಕೈಯಿಂದ ಬಳಸಿ ಹಿಡಿದರು.

ಎಲ್ಲವೂ ಸುಸೂತ್ರವಾಗಿತ್ತು, ದೊಡ್ಡ ಸರ್ಕಲ್ ಬರುವವರೆಗೆ.

ಸರ್ಕಲ್ಲಿಗೆ ನುಗ್ಗುವಾಗ ಬಸ್ಸೊಂದು ಬೆನ್ನ ಹಿಂದೆಯೇ ಹಾರ್ನ್ ಹೊಡೆಯಿತು. ಬೆಚ್ಚಿದ ಮೇಷ್ಟ್ರು ಸ್ಟೀರಿಂಗ್ ತಿರುವಿ, ಎಲ್ಲಕ್ಕಿಂತ ಒಳಗಿನ ಸಾಲಿಗೆ ಹೋಗಿ ಸೇರಿಕೊಂಡರು. ಹೊರಗಿನ ಸಾಲುಗಳಲ್ಲಿ ಬಸ್ಸು, ಲಾರಿ, ಸ್ಕೂಟರುಗಳು ಗೋಡೆ ಕಟ್ಟಿದಂತೆ ಒತ್ತೊತ್ತಾಗಿ ಹೊರಟಿದ್ದವು.

“ಇದೇ ನಮ್ಮ ರಸ್ತೆ, ಇದೇ, ಇದೇ…” ಎಂದರು ಲೈಬ್ರೇರಿಯನ್. ಆಮೇಲೆ ಶಾಂತವಾಗಿ, “ಹೋಯ್ತು” ಎಂದರು.

“ಪರವಾಗಿಲ್ಲ, ಒಂದು ಸುತ್ತು ಹಾಕಿದ್ರೆ ಮತ್ತೆ ಬರುತ್ತೆ. ವೃತ್ತದ ಅನುಕೂಲವೇ ಅದು,” ಎಂದರು ಫಿಸಿಕ್ಸ್ ಮೇಷ್ಟ್ರು.

ರಸ್ತೆ ಮತ್ತೆ ಬಂತು. ಮತ್ತೆ ಹೋಯಿತು.

“ಸಾರ್, ನನ್ನನ್ನ ಯಾರೋ ಹೊರಗಡೆಗೆ ತಳ್ತಿದಾರೆ!” ಎಂದರು ಮೇಡಂ, ಕೇಕಿನ ಸಮೇತ ಗಣಿತದ ಮೇಷ್ಟ್ರ ಕಡೆಗೆ ಜರುಗುತ್ತ.

ಸ್ಟೀರಿಂಗಿಗೆ ಜೋತುಬಿದ್ದಿದ್ದರೂ ಫಿಸಿಕ್ಸ್ ಮೇಷ್ಟ್ರನ್ನು ಪಾಠ ಮಾಡುವ ಚಟ ಬಿಡಬೇಕಲ್ಲ. “ಯಾರೂ ತಳ್ತಿಲ್ಲ ಮೇಡಂ. ನಿಮ್ಮ ದೇಹ ನೇರವಾಗಿ ಹೋಗೋಕೆ ನೋಡ್ತಿದೆ, ಕಾರು ತಿರುಗ್ತಿದೆ. ನೀವೂ ತಿರುಗಬೇಕು ಅಂದ್ರೆ ಕೇಂದ್ರದ ಕಡೆಗೆ ಒಂದು ಬಲ ಬೇಕು. ಸದ್ಯ ಅದನ್ನ ನಿಮಗೆ ಒದಗಿಸ್ತಿರೋದು ಗಣಿತದ ಮೇಷ್ಟ್ರು.”

“ನನಗೆ ಒದಗಿಸ್ತಿರೋದು ಈ ಬಾಗಿಲು,” ನರಳಿದರು ಗಣಿತದ ಮೇಷ್ಟ್ರು. “ಅದರ ಹಿಡಿ ನನ್ನ ಪಕ್ಕೆಲುಬಲ್ಲಿದೆ. ಒಂಚೂರು ನಿಧಾನ ಮಾಡ್ರೀ!”

“ನಿಧಾನ ಮಾಡಿದ್ರೆ ಹಿಂದಿನವನು ಗುದ್ದುತಾನೆ.”

“ಈ ರಸ್ತೆ… ಹೋಯ್ತು,” ಎಂದರು ಲೈಬ್ರೇರಿಯನ್.

ಸರ್ಕಲ್ಲಿನ ನಡುವೆ ಛತ್ರಿಯ ಕೆಳಗೆ ನಿಂತಿದ್ದ ಟ್ರಾಫಿಕ್ ಪೊಲೀಸನು ಮುಂದಿನ ಸುತ್ತಿನಲ್ಲಿ ಇವರಿಗೆ ಸಲ್ಯೂಟ್ ಹೊಡೆದ. ಮೇಷ್ಟ್ರಿಗೆ ತಮ್ಮ ಮೇಲೆಯೇ ನಗು ಬಂತು. ‘ಇಷ್ಟು ವರ್ಷ ಬೋರ್ಡಿನ ಮೇಲೆ ವೃತ್ತ ಬರೆದೆ. ಒಂದು ಬಾಣ ಒಳಕ್ಕೆ, ಒಂದು ಬಾಣ ಮುಂದಕ್ಕೆ. ಹೊರಗೆ ಹೋಗೋ ರಸ್ತೆ ಒಂದನ್ನಾದರೂ ಬರೆದೆನಾ? ನನ್ನ ಹುಡುಗರೆಲ್ಲ ಎಲ್ಲೆಲ್ಲಿ ಸುತ್ತುತ್ತಿದ್ದಾರೋ, ಪಾಪ!’

ಮೇಡಂ ಕಾಲೇಜಿಗೆ ಫೋನ್ ಹಚ್ಚಿದರು. “ಹಲೋ, ನಾವು ದೊಡ್ಡ ಸರ್ಕಲ್ಲಲ್ಲಿ ಸಿಕ್ಕಿಹಾಕ್ಕೊಂಡಿದೀವಿ… ಇಲ್ಲಪ್ಪ, ಗಾಡಿ ಕೆಟ್ಟಿಲ್ಲ. ಚೆನ್ನಾಗೇ ಓಡ್ತಿದೆ. ಅದೇ ತೊಂದರೆ!”

ಫೋನಿಗೆ ಒಂದು ಕೈ ಹೋಗಿದ್ದರಿಂದ ಕೇಕಿಗೆ ಉಳಿದದ್ದು ಒಂದೇ ಕೈ. ಅದೇ ಹೊತ್ತಿಗೆ ಹಿಂದಿನ ಬಸ್ಸು ಇನ್ನೊಮ್ಮೆ ಕೂಗಿತು, ಮೇಷ್ಟ್ರ ಕಾಲು ತಾನಾಗಿ ಆಕ್ಸಿಲರೇಟರನ್ನು ಒತ್ತಿತು. ವೇಗ ಎರಡರಷ್ಟಾದರೆ ಬೇಕಾದ ಬಲ ನಾಲ್ಕರಷ್ಟು ಎಂದು ಪ್ರತಿ ವರ್ಷ ಹೇಳಿಕೊಡುವವರು ಅವರೇ. ಅಷ್ಟು ಬಲ ಒಂದು ಕೈಯಲ್ಲಿರಲಿಲ್ಲ. ಕೇಕು ಡಬ್ಬಿ ಸಮೇತ ತೊಡೆಯಿಂದ ಜಾರಿ, ಮುಚ್ಚಳ ಹಾರಿ, ಗಣಿತದ ಮೇಷ್ಟ್ರ ಎದೆಗೆ ಅಪ್ಪಳಿಸಿ ನಿಂತಿತು.

“ಕೇಕಿಗೂ ನಾನೇ ಬಲ ಒದಗಿಸಬೇಕಿತ್ತಾ?” ಎಂದರು ಗಣಿತದ ಮೇಷ್ಟ್ರು, ಗಡ್ಡದ ಕೆನೆ ಒರೆಸಿಕೊಳ್ಳುತ್ತ.

ಕೊನೆಗೆ ಪೊಲೀಸನಿಗೇ ತಡೆಯಲಾಗಲಿಲ್ಲ. ಸೀಟಿ ಊದಿ ಎಲ್ಲ ದಿಕ್ಕಿನ ವಾಹನಗಳನ್ನೂ ನಿಲ್ಲಿಸಿ, ಕಿಟಕಿಯ ಬಳಿ ಬಂದು ಬಗ್ಗಿದ. “ಯಾರೋ ದೊಡ್ಡ ಸಾಹೇಬ್ರು ರಸ್ತೆ ಪರೀಕ್ಷೆಗೆ ಬಂದಿದಾರೆ ಅಂತ ಸಲ್ಯೂಟ್ ಬೇರೆ ಹೊಡೆದೆ ನಾನು! ನೋಡಿ ನೋಡಿ ನನಗೇ ತಲೆ ಸುತ್ತು ಬರ್ತಿದೆ. ದಮ್ಮಯ್ಯ, ಹೊರಡಿ ಸಾರ್.”

ಖಾಲಿ ರಸ್ತೆಯಲ್ಲಿ ಮೇಷ್ಟ್ರು ರಾಜಗಾಂಭೀರ್ಯದಿಂದ ಹೊರಬಂದರು. ನಿಂತಿದ್ದ ಬಸ್ಸುಗಳಿಂದ ಜನ ಚಪ್ಪಾಳೆ ತಟ್ಟಿದರು. ಮುಖ್ಯಸ್ಥನ ಕುರ್ಚಿ ಕೇಕಿನ ಜೊತೆಗೇ ಚಪ್ಪಟೆಯಾಯಿತು, ನಿಜ. ಆದರೂ ನೇರ ರಸ್ತೆ ಇಷ್ಟು ಚೆಂದ ಎಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ. ಪ್ರಿನ್ಸಿಪಾಲರ ಕಾಲು ಹಿಡಿದಾದರೂ ಕ್ಷಮೆ ಕೇಳಿದರಾಯಿತು ಎಂದುಕೊಂಡು ಕಾಲೇಜಿನ ಗೇಟು ದಾಟಿದರು.

ಅಂಗಳ ಭಣಗುಡುತ್ತಿತ್ತು. ಅಟೆಂಡರ್ ಒಬ್ಬನೇ ಕಾರಿನತ್ತ ಓಡಿ ಬಂದ.

“ಎಲ್ಲಯ್ಯ ಎಲ್ಲರೂ? ಕಾರ್ಯಕ್ರಮ ಮುಗಿದುಹೋಯ್ತಾ?”

“ಶುರುವೇ ಆಗಿಲ್ಲ ಸಾರ್. ಮೇಡಂ ಫೋನ್ ಬಂತಲ್ಲ, ಪ್ರಿನ್ಸಿಪಾಲ್ ಸಾಹೇಬ್ರು ಗಾಬರಿಯಾಗಿ ಇದ್ದಬದ್ದೋರನ್ನೆಲ್ಲ ತಮ್ಮ ಕಾರಲ್ಲಿ ತುಂಬ್ಕೊಂಡು ನಿಮ್ಮನ್ನ ಬಿಡಿಸ್ಕೊಂಡು ಬರೋಕೆ ಹೋದ್ರು.”

“ಅಯ್ಯೋ! ನಾವು ಬಂದಾಯ್ತು, ವಾಪಸ್ ಬನ್ನಿ ಅಂತ ಫೋನ್ ಮಾಡಯ್ಯ.”

“ಮಾಡಿದೆ ಸಾರ್, ಈಗ ತಾನೇ ನಿಮ್ಮ ಕಾರು ಕಂಡ ತಕ್ಷಣ.” ಅಟೆಂಡರ್ ತಲೆ ಕೆರೆದುಕೊಂಡ. “ಬರೋಕಾಗ್ತಿಲ್ವಂತೆ. ಒಳಗಿನ ಸಾಲಲ್ಲಿ ಸಿಕ್ಕೊಂಡು ಸುತ್ತುತಾ ಇದಾರಂತೆ. ಫಿಸಿಕ್ಸ್ ಮೇಷ್ಟ್ರನ್ನ ಈಗಿಂದೀಗಲೇ ಇಲ್ಲಿಗೆ ಕಳಿಸು, ಹೊರಗೆ ಬರೋದು ಹೇಗೆ ಅಂತ ಅವರೊಬ್ಬರಿಗೇ ಗೊತ್ತಿರೋದು ಅಂದ್ರು.”

ಮೇಷ್ಟ್ರು ಕೀಲಿ ತಿರುಗಿಸಿದರು. ಇಂಜಿನ್ ಗುರುಗುಟ್ಟುವ ಮೊದಲೇ ಉಳಿದ ಮೂರೂ ಬಾಗಿಲುಗಳು ಒಟ್ಟಿಗೆ ತೆರೆದುಕೊಂಡವು.